ಅಪ್ಪ ಕೊಟ್ಟ ದೂರು

ಎಗ್ಮೋರ್ ಸ್ಟೇಷನ್ನಿನ ಎದುರು ಅಪ್ಪನಿಗೆ ಏಟು ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ನೆಂಟರನ್ನು ರೈಲು ಹತ್ತಿಸಿ ಹೊರಗೆ ಬಂದಿದ್ದೆವು. ಆಟೋ ಹಿಡಿಯಲು ನಾನು ಸ್ವಲ್ಪ ಮುಂದೆ ಹೋಗಿದ್ದೆ. ಯಾರೋ ಮಂತ್ರಿಯ ಕಾರುಗಳು ಬರುವುದಿತ್ತು. ರಸ್ತೆ ಬದಿಯಲ್ಲಿದ್ದವರನ್ನೆಲ್ಲ ಪೊಲೀಸರು ಹಿಂದಕ್ಕೆ ಅಟ್ಟುತ್ತಿದ್ದರು. ಅಪ್ಪನಿಗೆ ಕಿವಿ ಮಂದ. ರೈಲ್ವೆಯಲ್ಲಿ ವರ್ಷಗಟ್ಟಲೆ ಇಂಜಿನ್ನುಗಳ ನಡುವೆ ದುಡಿದವರು. ಕೂಗಿದ್ದು ಕೇಳಿಸದೆ ನಿಂತೇ ಇದ್ದರು. ನನಗಿಂತ ಚಿಕ್ಕ ವಯಸ್ಸಿನ ಸಬ್ ಇನ್ಸ್‌ಪೆಕ್ಟರ್ ಒಬ್ಬ, "ಅಂದ ಪಕ್ಕಂ ಪೋಡಾ," ಆ ಕಡೆ ಹೋಗೋ, ಎಂದು ಕಿವಿಯ ಹತ್ತಿರವೇ ಕೂಗಿ ಕೆನ್ನೆಗೆ ಬಾರಿಸಿದ. ಕನ್ನಡಕ ರಸ್ತೆಗೆ ಬಿತ್ತು.

ತಮಿಳಿನ 'ಡಾ' ಅಂದರೆ ನಮ್ಮ 'ಲೋ'. ಮನೆಗೆ ಬಂದ ಮೇಲೆ ಅಪ್ಪನನ್ನು ಕೊರೆದದ್ದು ಅದೇ.

"ಹೊಡದದ್ದು ಇರ್ಲಿ ಬಿಡು. ಅಷ್ಟು ಮಂದಿ ಮುಂದ ನನಗ 'ಡಾ' ಅಂದ. ಕಂಪ್ಲೇಂಟ್ ಕೊಡೂಣು."

ಅಮ್ಮ ಬೇಡವೆಂದರೂ ಕಮಿಷನರ್ ಕಚೇರಿಗೆ ಹೋಗಿ, ನನ್ನ ಸಾಕ್ಷಿಯನ್ನೂ ಬರೆಸಿ ದೂರು ಕೊಟ್ಟೆವು. ಅದು ಮೇಲಿಂದ ಇಳಿಯುತ್ತ ಇಳಿಯುತ್ತ, ಕೊನೆಗೆ ಆ ಸಬ್ ಇನ್ಸ್‌ಪೆಕ್ಟರನ ಮೇಲಧಿಕಾರಿಯ ಮೇಜಿಗೇ ಬಂತು. ಆ ಅಧಿಕಾರಿ ನಮ್ಮನ್ನು ಕರೆಸಿ, ಕಾಫಿ ತರಿಸಿ, ಬಾಗಿಲು ಮುಚ್ಚಿಸಿದರು. ಒಳಗೆ ಬಂದ ಸಬ್ ಇನ್ಸ್‌ಪೆಕ್ಟರ್ ಗೋಡೆ ನೋಡುತ್ತ "ಸಾರಿ ಸಾರ್" ಎಂದ.

"ನೀಂಗ ಪೆರಿಯವರು. ಇದೋಡ ವಿಟ್ಟುಡುಂಗ ಸಾರ್," ಎಂದರು ಅಧಿಕಾರಿ. ದೊಡ್ಡವರು, ಇಷ್ಟಕ್ಕೇ ಬಿಟ್ಟುಬಿಡಿ ಎಂದು. ದೂರು ವಾಪಸ್ ಪಡೆದಿದ್ದೇವೆಂಬ ಹಾಳೆಯನ್ನು ಮುಂದಿಟ್ಟರು.

ಅಪ್ಪ ತಮಿಳಿನಲ್ಲೇ ನಿಧಾನವಾಗಿ ಕೇಳಿದರು: "ಹೊಡೆದದ್ದು ರಸ್ತೆಯಲ್ಲಿ, ಎಲ್ಲರ ಮುಂದೆ. ಸಾರಿ ಮಾತ್ರ ಬಾಗಿಲು ಹಾಕಿಕೊಂಡು ಯಾಕೆ ಸಾರ್?" ಸಹಿ ಹಾಕದೆ ಎದ್ದರು.

ಆಮೇಲೆ ವಿಚಾರಣೆ ಶುರುವಾಯಿತು, ಅಪ್ಪನದು. ಇಬ್ಬರು ಪೇದೆಗಳು ನಮ್ಮ ಬೀದಿಗೆ ಬಂದು ಮನೆಮನೆಯಲ್ಲಿ ಕೇಳಿದರು. ಆ ಮುದುಕ ಕುಡಿಯುತ್ತಾನಾ? ಜಗಳಗಂಟನಾ? ತಲೆ ನೆಟ್ಟಗಿದೆಯಾ? ಇಷ್ಟು ವರ್ಷ ಕಾಯಿ-ಕೊತ್ತಂಬರಿ ಕೊಟ್ಟು ತೆಗೆದುಕೊಂಡಿದ್ದ ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ನನ್ನನ್ನು ತಡೆದು, "ಎನ್ನ ಪ್ರಾಬ್ಲಂ ಅಕ್ಕಾ?" ಏನು ತೊಂದರೆ ಎಂದು ಪಿಸುಗುಟ್ಟಿದಳು. ಅಪ್ಪ ಸಂಜೆ ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದರು.

ತಿಂಗಳುಗಳು ಕಳೆದು ಉತ್ತರ ಬಂತು. ಹಿರಿಯರ ಸುರಕ್ಷತೆಗಾಗಿ ಅವರನ್ನು ಕೈಹಿಡಿದು ಪಕ್ಕಕ್ಕೆ ಸರಿಸಲಾಯಿತು, ವಯಸ್ಸಿನ ಕಾರಣ ಅವರು ತಪ್ಪು ತಿಳಿದಿದ್ದಾರೆ, ದೂರನ್ನು ಮುಕ್ತಾಯಗೊಳಿಸಲಾಗಿದೆ. ನಾನು ಕೊಟ್ಟಿದ್ದ ಸಾಕ್ಷಿಯ ಪ್ರಸ್ತಾಪವೇ ಇರಲಿಲ್ಲ.

"ಕೋರ್ಟಿಗೆ ಹೋಗೋಣ ಅಪ್ಪಾ," ಎಂದೆ.

"ವಯಸ್ಸಾಗೇದ ಅಂತ ಬರದಾರಲ್ಲ, ಅದೊಂದು ಖರೆ," ಎಂದರು ಅಪ್ಪ. "ಸಾಕಿನ್ನ."

ಆ ವಾರ ಹುಬ್ಬಳ್ಳಿಯಿಂದ ದೊಡ್ಡಪ್ಪ ಫೋನ್ ಮಾಡಿ, ಪೊಲೀಸರು ಹೊಡೆದದ್ದು ನಿಜವೇ ಎಂದು ವಿಚಾರಿಸಿದರು.

"ಏ, ಹೊಡದಿಲ್ಲ ಅಣ್ಣಾ. ಕೈ ಹಿಡದು ಬಾಜೂಕ ಸರಸಿದ್ರು, ಅಷ್ಟ," ಎಂದರು ಅಪ್ಪ.

ನಾನು ಪಕ್ಕದಲ್ಲೇ ಕೂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ.