ಎರಡು ಬಸ್ಸುಗಳ ನಡುವಿನ ದಾರಿ

ಕಳೆದ ವಾರ ಮಗಳು ಫೋನಿನಲ್ಲಿ ತರಿಸಿದ ಚೀನೀ ನೂಡಲ್ಸ್ ಡಬ್ಬಿಯ ಮುಚ್ಚಳ ತೆರೆದೆ. ನಿಂಬೆಸಿಪ್ಪೆಯಂಥ, ಸ್ವಲ್ಪ ಹಸಿ ಮರದಂಥ ವಾಸನೆಯೊಂದು ಎದ್ದು ಬಂತು. ಎಣ್ಣೆಯ ಮೇಲೆ ಬಾಯಿಬಿಟ್ಟ ಸಣ್ಣ ಕೆಂಪು ಸಿಪ್ಪೆಗಳು ತೇಲುತ್ತಿದ್ದವು. ಒಂದನ್ನು ಕಚ್ಚಿದ ಮಗಳು, "ಮಮ್ಮಾ, ಮೈ ಟಂಗ್ ಈಸ್ ಗಾನ್" ಎಂದು ನೀರಿಗೆ ಓಡಿದಳು. ನಾನು ಮುಚ್ಚಳ ಹಿಡಿದುಕೊಂಡು ಹಾಗೇ ನಿಂತಿದ್ದೆ. ನಮ್ಮೂರಲ್ಲಿ ಬಂಗುಡೆ ಸಾರಿಗೆ ಹಾಕುವ ತೆಪ್ಪಲ್ ಇದೆಯಲ್ಲ, ಅದರ ದಾಯಾದಿ ಇದು. ಮೊದಲ ಸಲ ಇದನ್ನು ನನ್ನ ಅಂಗೈಗೆ ಹಾಕಿದವಳು ನಮ್ಮ ಹಳೆಯ ಕಟ್ಟಡದ ಕೆಳಗಿದ್ದ ಚೀನೀ ದಿನಸಿ ಅಂಗಡಿಯವಳು...

ಆಗ ನಾವು ದುಬೈಯ ಅಲ್ ಮುರಕ್ಕಬಾತ್‌ನಲ್ಲಿದ್ದೆವು. ಗಂಡನಿಗೆ ಮುಸಫ್ಫಾದಲ್ಲಿ ಕೆಲಸವಾಗಿ ಅಬುಧಾಬಿಗೆ ಬಂದದ್ದು ಆಮೇಲೆ. ಅಂಗಡಿಯವಳು ನನಗಿಂತ ಸ್ವಲ್ಪ ದೊಡ್ಡವಳು. ಅಂಗಿಯ ತೋಳು ಕೊಳೆಯಾಗಬಾರದೆಂದು ಮೊಣಕೈವರೆಗೆ ಹೂವಿನ ಬಟ್ಟೆಯ ಚೀಲ ತೊಡುತ್ತಿದ್ದಳು, ಅದರ ಎಲಾಸ್ಟಿಕ್ ಗುರುತು ಕೈಮೇಲೆ ಬಳೆಯಂತೆ ಉಳಿದಿರುತ್ತಿತ್ತು. ನನಗೂ ಅವಳಿಗೂ ಇದ್ದ ಭಾಷೆ ಒಂದಿಷ್ಟು ಇಂಗ್ಲಿಷ್, ಗಿರಾಕಿಗಳಿಂದ ಅವಳು ಕಲಿತ ಹಿಂದಿ, ಉಳಿದದ್ದಕ್ಕೆ 'ಮುಗಿಯಿತು', 'ಇಲ್ಲ' ಎನ್ನುವ ಇಲ್ಲಿಯ ಅರಬಿ ಮಾತು ಖಲಾಸ್, ಮಾಫಿ. ಒಮ್ಮೆ ಊರಿನಿಂದ ತಂದ ತೆಪ್ಪಲ್ ಕೊಟ್ಟೆ. ಅಗಿದು ನೋಡಿ ನಕ್ಕಳು.

"ಯುವರ್ ಒನ್ ಸ್ಲೀಪಿಂಗ್, ಸಿಸ್ಟರ್. ಮೈ ಒನ್ ಪೊಲೀಸ್."

ಅವಳ ಪೊಲೀಸ್ ಬರುತ್ತಿದ್ದದ್ದು ಅವಳ ಅಕ್ಕನ ಮರಗಳಿಂದ. ಅಕ್ಕ ಮದುವೆಯಾಗಿರಲಿಲ್ಲ. ತಂಗಿಯನ್ನು ಸಾಕಿ, ಶಾಲೆಗೆ ಕಳಿಸಿ, ತಾನು ಗುಡ್ಡದ ಮೇಲೆ ಮುಳ್ಳಿನ ಮರಗಳಿಂದ ಈ ಚೀನೀ ಮೆಣಸು ಕೀಳುತ್ತಾ ಉಳಿದವಳು.

ಆ ಊರು ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ಖಾಲಿ ಅಕ್ಕಿಚೀಲವೊಂದನ್ನು ಕೌಂಟರಿನ ಮೇಲೆ ಹಾಕಿ ಎರಡೂ ಕೈಯಿಂದ ಮುದುಡಿದಳು. ಎದ್ದು ನಿಂತ ಮಡಿಕೆಗಳೆಲ್ಲ ಬೆಟ್ಟ, ನಡುವಿನ ಸಂದುಗಳು ಹೊಳೆ. ಎಲ್ಲಕ್ಕಿಂತ ಎತ್ತರದ ಮಡಿಕೆಯ ನೆತ್ತಿಯಲ್ಲಿ ಅವರ ಹಳ್ಳಿ. ಆ ನೆತ್ತಿಯೇ ಗಡಿ. ಈಚೆಯ ಇಳಿಜಾರು ಇವರ ಕೌಂಟಿ, ಆಚೆಯದು ಇನ್ನೊಂದು. ಕೌಂಟಿಯೆಂದರೆ ಏನೆಂದು ಹಳ್ಳಿ, ಹೋಬಳಿ ಎಂದು ಲೆಕ್ಕ ಹಾಕಿಕೊಂಡು ಕೊನೆಗೆ ನಮ್ಮ ತಾಲೂಕು ಎಂದುಕೊಂಡೆ. ಮನೆಯ ಸೂರಿನ ಮುಂದಿನ ನೀರು ಒಂದು ಕೌಂಟಿಗೆ, ಹಿಂದಿನದು ಇನ್ನೊಂದಕ್ಕೆ ಹರಿಯುತ್ತಿತ್ತಂತೆ. ಸಂತೆ, ನೆಂಟಸ್ತಿಕೆ, ಮೆಣಸಿನ ವ್ಯಾಪಾರ ಎಲ್ಲ ಆಚೆ, ಒಂದೇ ಉಸಿರಿಗೆ ಇಳಿಯುವ ಕಾಲುದಾರಿಯಲ್ಲಿ. ಕಚೇರಿ, ಶಾಲೆ, ಆಸ್ಪತ್ರೆ ಈಚೆ. ಕೆಳಗೆ ಹೊಳೆ ಬದಿಯಲ್ಲಿ ಟಾರು ರಸ್ತೆಯೂ ಇತ್ತು. ಆದರೆ ಎರಡೂ ಕಡೆಯ ಬಸ್ಸುಗಳು ಗಡಿಯ ಕಲ್ಲಿನ ಹತ್ತಿರ ಬಂದು ತಿರುಗಿಬಿಡುತ್ತಿದ್ದವು. ನಡುವಿನದನ್ನು ನಡೆಯಬೇಕು.

"ಬಜಾರ್ ಉಧರ್, ಸರ್ಕಾರ್ ಇಧರ್" ಎಂದಳು. ಅಲ್ಲಿಯ ಮಕ್ಕಳಿಗೂ ಗೊತ್ತಿದ್ದ ಕಟ್ಟಳೆ ಅದು.

ಗಂಡ ಕೇಳುತ್ತಿದ್ದರು, "ಎಂತ ಮಾರಾಯ್ತಿ, ಕೊತ್ತಂಬರಿ ತರ್ಲಿಕ್ಕೆ ಹೋದವಳು ಚೀನಾಕ್ಕೇ ಹೋದದ್ದಾ?"

ಆಮೇಲೆ ಒಂದು ದಿನ ನಾನು ಅಂಗಡಿಯಲ್ಲಿದ್ದಾಗಲೇ ಅಕ್ಕನ ವಿಡಿಯೋ ಕರೆ ಬಂತು. ಅಕ್ಕನಿಗೆ ಫೋನ್ ಹಿಡಿಯಲು ಬರುತ್ತಿರಲಿಲ್ಲ, ಯಾವಾಗಲೂ ಹಣೆ ಮತ್ತು ಅಟ್ಟದ ತೊಲೆ ಮಾತ್ರ ಕಾಣುತ್ತಿತ್ತು. ಬೆಟ್ಟದ ಮೇಲಿನ ಹಳ್ಳಿಗಳನ್ನು ಸರ್ಕಾರದವರು ಕೆಳಗಿಳಿಸಿ, ಕೌಂಟಿಯ ಪೇಟೆಯ ಪಕ್ಕದ ಹೊಸ ಫ್ಲಾಟುಗಳಿಗೆ ಕಳಿಸುತ್ತಾರೆ, ಹಳೆಯ ಮನೆ ಕೆಡವುತ್ತಾರೆ, ಮರಗಳು ಮಾತ್ರ ನಮ್ಮವೇ ಆಗಿ ಇರುತ್ತವೆ. ಒಪ್ಪಲೋ, ಬೇಡವೋ? ಓದಿದವಳು ನೀನು, ನೀನೇ ಹೇಳು ಎಂದು ಅಕ್ಕ ಕೇಳಿದಳಂತೆ.

ಅಂಗಡಿಯವಳು ಫೋನಿನಲ್ಲಿ ನಕ್ಷೆ ತೆಗೆದಳು. ಫ್ಲಾಟು ಒಂದು ಚುಕ್ಕೆ, ಸಂತೆಯ ಊರು ಇನ್ನೊಂದು. ನಡುವೆ ಹೆಬ್ಬೆರಳಿಟ್ಟು ನನಗೂ ತೋರಿಸಿದಳು. "ಲುಕ್ ಸಿಸ್ಟರ್, ನಿಯರ್ ಓನ್ಲಿ." ಲಿಫ್ಟ್ ಇದೆ, ಗ್ಯಾಸ್ ಇದೆ, ಆಸ್ಪತ್ರೆ ಎದುರಿಗೇ. ಸಂತೆಗೆ ಹೋಗಿ ಬಂದರಾಯಿತು. ಅಕ್ಕನಿಗೆ ಹೋಗು ಎಂದಳು. ಅವತ್ತು ಅವಳ ಮುಖದಲ್ಲಿ, ಮಗಳಿಗೆ ಒಳ್ಳೆಯ ಸಂಬಂಧ ಗೊತ್ತಾದ ತಾಯಿಯ ಕಳೆ ಇತ್ತು.

ಹೆಬ್ಬೆರಳಿನ ಕೆಳಗೆ ಇಡೀ ಬೆಟ್ಟವಿತ್ತು. ಹಳ್ಳಿಯಲ್ಲಿದ್ದಷ್ಟು ಕಾಲ ಅಕ್ಕನಿಗೆ ಅದು ಇಳಿಯುವ ಬೆಟ್ಟ. ಈಗ ಮೊದಲು ಹತ್ತಿ ಆಮೇಲೆ ಇಳಿಯುವ ಬೆಟ್ಟವಾಯಿತು. ಇಲ್ಲವೇ ಹೊಳೆಯ ರಸ್ತೆ ಹಿಡಿದು ಸುತ್ತಬೇಕು. ಅಕ್ಕ ಸಂತೆಗೆ ಹೋಗುವುದು ನಿಂತಿತು. ಹೊಸ ಪೇಟೆಯಲ್ಲಿ ದಿನವೂ ಮಾರುಕಟ್ಟೆ. ದಿನಾ ಸಂತೆಯಾದರೆ ಇವತ್ತು ಯಾವ ದಿನ ಅಂತ ಹೇಗೆ ತಿಳಿಯಬೇಕು ಎಂದು ಕೇಳಿದಳಂತೆ. ವಿಡಿಯೋದಲ್ಲಿ ಈಗ ಹಣೆಯ ಮೇಲೆ ಬಿಳಿ ಸೀಲಿಂಗ್ ಮಾತ್ರ ಇರುತ್ತಿತ್ತು.

ಮೆಣಸು ಕೆಂಪಾದಾಗ ಅಕ್ಕ ಯಾರಿಗೂ ಹೇಳದೆ ಬೆಟ್ಟ ಹತ್ತಿದಳು. ಮಲಗಲು ಮನೆ ಇರಲಿಲ್ಲ. ಮಳೆಯಲ್ಲಿ ನೆನೆದು, ಕಿತ್ತ ಮೆಣಸು ಹೊತ್ತು, ಆಚೆ ಇಳಿದು ಸಂತೆಯ ಊರಿನ ಗೆಳತಿಯ ಮನೆ ಸೇರಿದಳು. ಜ್ವರ ಎದೆಗೆ ಇಳಿಯಿತು. ಆಸ್ಪತ್ರೆ ಆ ಬೀದಿಯ ಕೊನೆಯಲ್ಲೇ ಇತ್ತು. ಆದರೆ ಕಾಯಿಲೆ ಸರ್ಕಾರದ ಕಡೆಯ ವಿಷಯ, ಅದಕ್ಕೆ ನಮ್ಮ ಕೌಂಟಿಗೇ ಹೋಗಬೇಕು ಎಂದು ಅಕ್ಕ ಹಟ ಹಿಡಿದಳು. ಇಲ್ಲಿ ನೋಡುತ್ತಾರೋ ಎಂದು ಕೇಳಿ ಬರಲು ಹೊರಟ ಗೆಳತಿಯನ್ನೂ ತಡೆದಳಂತೆ. ಇಬ್ಬರೂ ಆಚೆಯ ಬಸ್ಸಿನಲ್ಲಿ ಗಡಿಯವರೆಗೆ ಬಂದರು. ಈಚೆಯ ಬಸ್ಸು ಅಲ್ಲಿ ಕಾಣುತ್ತಿತ್ತು. ನಡುವಿನ ದಾರಿಯಲ್ಲಿ ಅಕ್ಕ, ಸ್ವಲ್ಪ ಕೂರುತ್ತೇನೆ ಎಂದಳಂತೆ...

ಇದನ್ನೆಲ್ಲ ಅಂಗಡಿಯವಳು ಹೇಳಿದ್ದು, ಅಂಗಡಿ ಮುಚ್ಚಿ ಊರಿಗೆ ಹೊರಡಲು ಸಾಮಾನು ಕಟ್ಟುತ್ತಾ. ಅಳಲಿಲ್ಲ. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು. "ದೀದಿ ಪೂಛಾ. ಮೈ ಬೋಲಾ, ಜಾವ್." ಅಷ್ಟೇ ಹೇಳಿದಳು, ಎರಡು ಸಲ. ಕಾನ್ವೆಂಟಿನಲ್ಲಿ ನಮಗೆ ಸಂತಾಪ ಸೂಚಿಸುವ ಒಳ್ಳೆಯ ಇಂಗ್ಲಿಷ್ ವಾಕ್ಯಗಳನ್ನು ಕಲಿಸಿದ್ದರು. ಒಂದೂ ಅವಳಿಗೆ ಅರ್ಥವಾಗುವಂತಿರಲಿಲ್ಲ. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡೆ.

ಅವಳು ಹೋದವಳು ಮರಳಲಿಲ್ಲ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವಳ ನಂಬರಿಗೆ ಕಳಿಸಿದ ಕ್ರಿಸ್ಮಸ್ ಶುಭಾಶಯ ಒಂದೇ ಟಿಕ್ಕಿನಲ್ಲಿ ನಿಂತಿದೆ, ತಲುಪಿಯೇ ಇಲ್ಲ. ಆ ಮರಗಳ ಮೆಣಸನ್ನು ಈಗ ಯಾರು ಕೀಳುತ್ತಾರೋ, ಅವಳೇ ಇರಬಹುದೇ... ತಿಳಿಯುವ ದಾರಿಯಿಲ್ಲ.

ತಿಂಗಳಿಗೊಮ್ಮೆ ನಾವು ಪೂಜೆಗೆಂದು ದುಬೈಯ ನಮ್ಮ ಹಳೆಯ ಇಗರ್ಜಿಗೆ, ಅದೇ ಚರ್ಚಿಗೆ, ಹೋಗುತ್ತೇವೆ. ಅರ್ಧ ದಾರಿಯಲ್ಲಿ, ಅಬುಧಾಬಿ ಮುಗಿಯುವ ಗಡಿಯಲ್ಲಿ, ದೀಪದ ಕಂಬಗಳ ಆಕಾರ ಬದಲಾಗುತ್ತದೆ. "ದುಬೈ ಬಂತು" ಎನ್ನುತ್ತಾರೆ ಗಂಡ, ಕಾಲು ಎಕ್ಸಲರೇಟರಿನ ಮೇಲಿಟ್ಟುಕೊಂಡೇ. ನಾನು ಕಿಟಕಿಯಾಚೆ ರಸ್ತೆಯ ಅಂಚನ್ನು ನೋಡುತ್ತೇನೆ. ಅಲ್ಲಿ ಮರಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಕಾರು ನಿಧಾನವೂ ಆಗುವುದಿಲ್ಲ.