ಮೌಶಿಯ ಲೋಟ

ಭಾನುವಾರ, ಮಾರ್ಚ್ 9. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕೂತಿದ್ದೇನೆ.

ಇಲ್ಫರ್ಡ್‌ನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅಮೆರಿಕವನ್ನು ಕಟ್ಟಿದ ನಾಯಕರಲ್ಲೊಬ್ಬನ ಚಿತ್ರವಿದೆ. ಮನುಷ್ಯರೆಲ್ಲ ಸಮಾನರು ಎಂದು ಬರೆದವನು. ಅದನ್ನು ತೂಗುಹಾಕಿದವರು ಅಜ್ಜ. ಧಾರವಾಡದಿಂದ ವಿಲಾಯತಿಗೆ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಕನ್ನಡದವರು ಸೇರಿದಲ್ಲೆಲ್ಲ ಸಮಾನತೆಯ ಮೇಲೆ ಭಾಷಣ ಮಾಡುತ್ತಿದ್ದರು. ನನಗೆ ಆ ಪದ ಕಲಿಸಿದ್ದೂ ಅವರೇ.

ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೇರೆಯಾಗಿ ಇರುತ್ತಿದ್ದವು. ಅವು ಮೌಶಿಯವು. ಅಜ್ಜ ಊರಿನಿಂದ ಕರೆತಂದಿದ್ದ ಆಕೆ ನಮಗೆ ಸಂಬಂಧಿಯಲ್ಲ. ಮೌಶಿ, ಅಂದರೆ ಚಿಕ್ಕಮ್ಮ, ಎಂದು ನಾನು ಕರೆಯುತ್ತಿದ್ದೆ, ಅಷ್ಟೆ. ಪಾತ್ರೆ, ಬಟ್ಟೆ, ನಾನು ಎಲ್ಲ ಆಕೆಯ ಪಾಲು. ರಜೆಯಿಲ್ಲ. ಸಂಬಳದ ಮಾತು ಆ ಮನೆಯಲ್ಲಿ ನಾನು ಕೇಳಿದ್ದಿಲ್ಲ. ಎಲ್ಲರ ಊಟವಾದ ಮೇಲೆ ಆಕೆ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು.

ನನ್ನ ಹದಿನೈದನೇ ವಯಸ್ಸಿನಲ್ಲಿ ಒಂದು ಸಂಜೆ ಸ್ಕೂಲಿನಿಂದ ಬಂದವಳೇ ಕೇಳಿದೆ: “ಅಜ್ಜಾ, ನಿಮ್ಮ ಹೀರೋ ಸಾಯೋ ತನಕ ಗುಲಾಮರನ್ನ ಇಟ್ಕೊಂಡಿದ್ದ. ಗೊತ್ತಿತ್ತಾ?”

ಅಜ್ಜ ಪೇಪರಿನಿಂದ ತಲೆ ಎತ್ತಲಿಲ್ಲ. “ಗೊತ್ತದ ಪುಟ್ಟಿ. ಮನುಷ್ಯಾ ಸಣ್ಣಾಂವ, ವಿಚಾರ ದೊಡ್ಡದು. ವಿಚಾರ ತಗೋಬೇಕು.”

ಅಡುಗೆಮನೆಯಿಂದ ಮೌಶಿ ಕೂಗಿದಳು: “ಹಂಗಾರ ಸಾಹೇಬ್ರ, ಆ ವಿಚಾರಾನ ನಿಮ್ಮ ಲೋಟಾದಾಗ ಒಂಚೂರು ಹಾಕಿ ಕೊಡ್ರಿ. ನಾನೂ ಕುಡದ ನೋಡ್ತೀನಿ.”

ಅಜ್ಜ ಪೇಪರ್ ಇಳಿಸಿ ಅಡುಗೆಮನೆಯತ್ತ ನೋಡಿದರು. ಮತ್ತೆ ಪೇಪರ್ ಎತ್ತಿಕೊಂಡರು.

ಆ ಬೇಸಿಗೆಯಲ್ಲಿ ಮೌಶಿ ಈ ಮಹಾನಗರದ ಇನ್ನೊಂದು ತುದಿಯಲ್ಲಿರುವ ಎಜ್‌ವೇರ್‌ನ ಯಾವುದೋ ಮನೆಗೆ ಕೆಲಸಕ್ಕೆ ಹೊರಟಳು. ಬಾಗಿಲಲ್ಲಿ ನನ್ನ ಕೆನ್ನೆ ಹಿಡಿದು, “ಅಲ್ಲಿ ಟೇಬಲ್ ಮುಂದ ಕುಂದ್ರಿಸಿ ಉಣಸ್ತಾರಂತ, ನನ್ನ ಬಂಗಾರಾ. ಖರೇನ ಅಂತ ನೋಡ್ತೀನಿ,” ಅಂದಳು. ತಟ್ಟೆ, ಲೋಟ ಬಿಟ್ಟೇ ಹೋದಳು.

ಅಜ್ಜ ಈಗಿಲ್ಲ. ಚಿತ್ರ ತೆಗೆದುಬಿಡು ಎನ್ನುತ್ತಾರೆ ಅಮ್ಮ. ನನಗೆ ಕೈ ಬರುವುದಿಲ್ಲ. ಅಜ್ಜನನ್ನು ಅಳೆಯಲು ನನ್ನಲ್ಲಿರುವುದು ಅಜ್ಜ ಕೊಟ್ಟ ಅಳತೆಯೇ. ಕಿಟಕಿಕಟ್ಟೆಯ ಲೋಟವನ್ನು ಮಾತ್ರ ನಮ್ಮ ಲೋಟಗಳ ಸಾಲಿಗೆ ತಂದಿದ್ದೇನೆ. ಬೆಳಗಿನ ಚಹಾ ಅದರಲ್ಲೇ ಕುಡಿಯುತ್ತೇನೆ. ಎಜ್‌ವೇರ್‌ಗೆ ಆಕೆಯನ್ನು ಹುಡುಕುತ್ತ ಈವರೆಗೆ ಏಳು ಸಲ ಹೋಗಿಬಂದಿದ್ದೇನೆ. ಟ್ಯೂಬ್ ರೈಲಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಬೀದಿಬೀದಿ ನಡೆದು, ಸುಮ್ಮನೆ ವಾಪಸಾದೆ.

ಗದ್ದದ ಮೇಲೆ ಹಸಿರು ಹಚ್ಚೆಯಿರುವ, ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ, ಈಗ ಎಪ್ಪತ್ತು ದಾಟಿರಬಹುದಾದ ಆಕೆಯನ್ನು ಕಂಡವರು ದಯವಿಟ್ಟು ಇಲ್ಲಿನ ಕನ್ನಡದವರ ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಅಲ್ಲಿ ಟೇಬಲ್ ಮುಂದೆ ಕೂರಿಸಿದರೋ ಇಲ್ಲವೋ, ಅದನ್ನೂ ತಿಳಿಸಿ.