ಬಿಸಿಬೇಳೆಬಾತ್ ತಿಂದು ಫ್ರೆಂಚ್ ಊಟಕ್ಕೆ ಹೋದೆವು

ಕಳೆದ ಶನಿವಾರ ಸಂಜೆ ಆರು ಗಂಟೆಗೆ ನಾವು ಮೂವರೂ ಹೊಟ್ಟೆ ತುಂಬ ಬಿಸಿಬೇಳೆಬಾತ್ ತಿಂದೆವು. ಅದರ ಮೇಲೆ ಮೊಸರನ್ನ. ಏಳೂವರೆಗೆ ಹಾರ್ಲೆಮ್‌ನ ಒಂದು ಫ್ರೆಂಚ್ ರೆಸ್ಟೋರೆಂಟ್‌ನಲ್ಲಿ ನಮಗೆ ಊಟಕ್ಕೆ ಆಹ್ವಾನವಿತ್ತು.

ನಗಬೇಡಿ. ಹೊರದೇಶದಲ್ಲಿರುವ ಸಸ್ಯಾಹಾರಿಗಳಾಗಿದ್ದರೆ ನೀವೂ ಇದನ್ನು ಮಾಡಿಯೇ ಇರುತ್ತೀರಿ.

ಇದು ಸುಮ್ಮನೆ ಬಂದ ಅಭ್ಯಾಸವಲ್ಲ, ಪೆಟ್ಟು ತಿಂದು ಕಲಿತದ್ದು. ನೆದರ್‌ಲ್ಯಾಂಡ್ಸ್‌ಗೆ ಬಂದ ಹೊಸತರಲ್ಲಿ ಆಫೀಸಿನ ಪಾರ್ಟಿಗಳಲ್ಲಿ ‘ವೆಜಿಟೇರಿಯನ್’ ಎಂದರೆ ಎರಡು ಎಲೆ, ಒಂದು ಬೆಂದ ಆಲೂಗಡ್ಡೆ. (ಒಮ್ಮೆ ಮೀನು ಬಂದಿತ್ತು. ‘ಇದು ಮಾಂಸ ಅಲ್ಲವಲ್ಲ’ ಎಂದು ಬಡಿಸಿದವನು ನನಗೇ ತಿಳಿಹೇಳಿದ್ದ.) ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಅನ್ನಕ್ಕೆ ಇಡುತ್ತಿದ್ದೆವು. ಆಮೇಲೆ ಬುದ್ಧಿ ಬಂತು. ಬಂದ ಮೇಲೆ ತಿನ್ನುವುದನ್ನು ಹೋಗುವ ಮೊದಲೇ ತಿನ್ನತೊಡಗಿದೆವು. ಆರಾಮಾಗಿ ಹೋಗಿ, ಎಲೆ ಕೆದಕುತ್ತಾ ನಗುನಗುತ್ತಾ ಕೂತು ಬರಬಹುದು.

ಆದರೆ ಶನಿವಾರದ ಊಟ ಆಫೀಸಿನದಾಗಿರಲಿಲ್ಲ. ಕರೆದದ್ದು ಪಕ್ಕದ ಮನೆಯ ವಿಲ್ಲೆಮ್.

ವಿಲ್ಲೆಮ್‌ಗೆ ಎಪ್ಪತ್ತು ದಾಟಿದೆ. ನಮ್ಮ ಪಾರ್ಸೆಲ್‌ಗಳನ್ನು ತೆಗೆದಿಟ್ಟುಕೊಳ್ಳುವವರು, ನಾವು ಊರಿಗೆ ಹೋದಾಗ ನನ್ನ ಕರಿಬೇವಿನ ಗಿಡಕ್ಕೆ ನೀರು ಹಾಕುವವರು. ಅವರ ಹೆಂಡತಿ ಕೊರಿ ನನಗೆ ಸೈಕಲ್ ಕಲಿಸಿದವರು. ಮೂವತ್ತು ದಾಟಿದ ಹೆಂಗಸಿನ ಸೈಕಲ್ ಸೀಟು ಹಿಡಿದುಕೊಂಡು ಓಡಿದ ಪುಣ್ಯಾತ್ಗಿತ್ತಿ. ಎರಡು ವರ್ಷದ ಹಿಂದೆ ಹೋಗಿಬಿಟ್ಟರು.

ಪ್ರತಿವರ್ಷ ಮದುವೆಯ ದಿನ ಗಂಡ ಹೆಂಡತಿ ಇಬ್ಬರೂ ಆ ಫ್ರೆಂಚ್ ರೆಸ್ಟೋರೆಂಟ್‌ಗೆ ಹೋಗುತ್ತಿದ್ದರಂತೆ. ಕೊರಿ ಹೋದ ಮೇಲೆ ವಿಲ್ಲೆಮ್ ಅತ್ತ ತಲೆ ಹಾಕಿರಲಿಲ್ಲ. ಅತ್ತ ಏನು ಬಂತು, ಅಂಗಡಿಗೆ ಬಿಟ್ಟರೆ ಎತ್ತಲೂ ಹೋಗುತ್ತಿರಲಿಲ್ಲ. ಈ ವರ್ಷ ಅದೇನು ಮನಸ್ಸಾಯಿತೋ, ‘ಒಬ್ಬನೇ ಕೂರಲು ಆಗುವುದಿಲ್ಲ, ನೀವು ಬರುತ್ತೀರಾ?’ ಎಂದು ನಮ್ಮ ಬಾಗಿಲಿಗೆ ಬಂದು ಕೇಳಿದರು. ಮೈಸೂರಿನಿಂದ ಬಂದಿರುವ ನನ್ನ ಅತ್ತೆಯನ್ನೂ ಸೇರಿಸಿಯೇ ಕರೆದರು.

ಮರುದಿನ ಅವರ ಮಗಳು ಎಲ್ಸ್ ಫೋನ್ ಮಾಡಿದಳು. ಅವಳಿರುವುದು ದೂರದ ಊರಿನಲ್ಲಿ. ‘ಅಪ್ಪ ಬೆಳಿಗ್ಗೆ ಬ್ರೆಡ್ ತಿನ್ನುತ್ತಾರೆ, ಮಧ್ಯಾಹ್ನ ಬ್ರೆಡ್ ತಿನ್ನುತ್ತಾರೆ, ರಾತ್ರಿಗೂ ಬ್ರೆಡ್ಡೇ. ಒಲೆ ಹಚ್ಚುವುದೇ ಇಲ್ಲ. ಅಲ್ಲಿಯಾದರೂ ಕೂತು ಸರಿಯಾಗಿ ಉಣ್ಣುವಂತೆ ನೋಡಿಕೊಳ್ಳಿ. ಅರ್ಧಕ್ಕೇ ಎದ್ದು ಬಂದರೆ ಇನ್ನು ಯಾವತ್ತೂ ಮನೆ ಬಿಟ್ಟು ಹೊರಡುವುದಿಲ್ಲ, ನನಗೆ ಗೊತ್ತು’ ಎಂದಳು. ಡಚ್ಚರು ಇಷ್ಟೆಲ್ಲ ಬಾಯಿಬಿಟ್ಟು ಸಹಾಯ ಕೇಳುವವರಲ್ಲ. ಅವಳ ದನಿ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಅಂದರೆ ನಮಗೆ ವಹಿಸಿದ್ದ ಕೆಲಸ ಒಂದೇ. ಒಬ್ಬ ಮನುಷ್ಯನ ಜೊತೆ ಕೂತು ಉಣ್ಣುವುದು. ಆ ಕೆಲಸಕ್ಕೆ ನಾವು ಹೊಟ್ಟೆ ಬಿರಿಯೆ ತಿಂದು ಹೊರಟೆವು!

‘ಬೇಡ ಅತ್ತೆ, ಅಲ್ಲೇ ತಿನ್ನೋಣ’ ಎಂದು ನಾನು ಹೇಳಿದ್ದು ನಿಜ. ‘ಫ್ರೆಂಚ್ ಊಟ ನಾನೂ ಟೀವೀಲಿ ನೋಡಿದೀನಿ ಕಣೇ. ಅಷ್ಟಗಲ ತಟ್ಟೆ, ಮಧ್ಯ ಒಂದು ಉದ್ಧರಣೆ ಸಾರು. ಅದ್ರಲ್ಲಿ ಏನಾಗತ್ತೆ?’ ಎಂದು ಅವರು ಕುಕ್ಕರ್ ಮುಚ್ಚಳ ತೆಗೆದರು. ಘಮ ಬಂತು. ನನ್ನ ಗಂಡ ಪ್ರಸನ್ನ ಆಗಲೇ ತಟ್ಟೆ ಹಿಡಿದು ನಿಂತಿದ್ದ. ನಾನೂ ನಿಂತೆ. ಇನ್ನೇನು ಹೇಳಲಿ?

ಕಾಲುವೆಯ ಪಕ್ಕದಲ್ಲೇ ಇರುವ ಚಿಕ್ಕ ರೆಸ್ಟೋರೆಂಟ್ ಅದು. ಮೇ ತಿಂಗಳ ಬೆಳಕು ಇನ್ನೂ ನೀರಿನ ಮೇಲೆ ಬಿದ್ದಿತ್ತು. ವಿಲ್ಲೆಮ್ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು, ಕೂದಲು ಬಾಚಿದ್ದರು. ಕಿಟಕಿಯ ಪಕ್ಕದ ಇಬ್ಬರ ಟೇಬಲ್ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿಕೊಂಡರು. ಅಲ್ಲಿ ಯಾರೋ ಎಳೆಯ ಜೋಡಿ ಕೂತಿತ್ತು. ಯಾವುದು ಅವರ ಟೇಬಲ್ ಆಗಿತ್ತು ಎಂದು ನಾವು ಕೇಳಲಿಲ್ಲ.

ಮೊದಲು ಬಂದದ್ದು ಬೇಯಿಸಿದ ಬಿಳಿ ಆಸ್ಪರಾಗಸ್ ದಂಟು, ಮೇಲೆ ಬೆಣ್ಣೆ. ಉದ್ಧರಣೆ ಲೆಕ್ಕ ಅಲ್ಲ ಸ್ವಾಮಿ, ತಟ್ಟೆ ತುಂಬ. ಹೇಗೋ ಮುಗಿಸಿದೆವು. ಆಮೇಲೆ ಬದನೆಕಾಯಿ, ಟೊಮೆಟೊ, ಕ್ಯಾಪ್ಸಿಕಂ ಎಲ್ಲ ಸೇರಿಸಿ ನಿಧಾನವಾಗಿ ಬೇಯಿಸಿದ್ದು ಬಂತು. ಅತ್ತೆ ಒಂದು ಚಮಚ ಬಾಯಿಗಿಟ್ಟು, ‘ನಮ್ಮ ಬದನೆಕಾಯಿ ಗೊಜ್ಜೇ. ಖಾರ ಹಾಕೋದು ಮರ್ತಿದಾರೆ, ಅಷ್ಟೇ’ ಎಂದರು. ರುಚಿ ಚೆನ್ನಾಗಿಯೇ ಇತ್ತು. ಇಳಿಯುವುದಕ್ಕೆ ಒಳಗೆ ಜಾಗ ಎಲ್ಲಿದೆ? ಪ್ರಸನ್ನ ಒಂದೇ ಬದನೆಕಾಯಿ ಹೋಳನ್ನು ತಟ್ಟೆಯ ಈ ದಡದಿಂದ ಆ ದಡಕ್ಕೆ ಸಾಗಿಸುತ್ತಿದ್ದ. ನಾನು ನೀರು ಕುಡಿಯುವ ನೆಪದಲ್ಲಿ ಹೊತ್ತು ಕಳೆಯುತ್ತಿದ್ದೆ.

ವಿಲ್ಲೆಮ್ ನಮ್ಮನ್ನೇ ನೋಡುತ್ತಿದ್ದರು. ನೋಡಿ ನೋಡಿ, ತಮ್ಮ ಫೋರ್ಕನ್ನೂ ಕೆಳಗಿಟ್ಟರು.

ಜೊತೆಗೆ ಕೂತವರು ತಿನ್ನದೆ ಇದ್ದರೆ ಕರೆದವನಿಗೆ ತುತ್ತು ಇಳಿಯುತ್ತದೆಯೇ? ಎಲ್ಸ್‌ಗೆ ನಾನು ಏನು ಹೇಳಲಿ?

‘ಚೆನ್ನಾಗಿಲ್ಲವಾ?’ ವಿಲ್ಲೆಮ್ ಕೇಳಿದರು. ಡಚ್ಚರು ಹೀಗೆಯೇ, ಸುತ್ತಿ ಬಳಸಿ ಮಾತಾಡುವವರಲ್ಲ.

‘ಇಲ್ಲ ಇಲ್ಲ, ಬೆಳಗ್ಗಿಂದ ನಮಗೆ ಸ್ವಲ್ಪ ಹೊಟ್ಟೆ...’ ಎಂದು ಪ್ರಸನ್ನ ಇಂಗ್ಲಿಷ್‌ನಲ್ಲಿ ಶುರುಮಾಡಿದ. (ಮೂವರಿಗೂ ಒಟ್ಟಿಗೇ ಕೆಟ್ಟ ಹೊಟ್ಟೆ. ಯಾರು ನಂಬುತ್ತಾರೆ?)

‘ಏನಂತೆ?’ ಎಂದರು ಅತ್ತೆ. ಹೇಳಿದೆ.

‘ಸುಳ್ಳು ಯಾಕೆ? ನಿಜ ಹೇಳ್ಬಿಡು. ಅವ್ರು ಅಡುಗೆನೇ ಸರಿಯಿಲ್ಲ ಅಂದ್ಕೋತಾರೆ. ಮಾಡಿದೋರ ತಪ್ಪಲ್ವಲ್ಲ.’

ಹೇಳಿದೆ. ಬೇರೆ ದಾರಿ ಇರಲಿಲ್ಲ.

‘ಊಟಕ್ಕೆ ಬರುವ ಮೊದಲು ಊಟ ಮಾಡಿದಿರಿ’ ಎಂದರು ವಿಲ್ಲೆಮ್. ಪ್ರಶ್ನೆಯೂ ಅಲ್ಲ, ಬೈಗುಳವೂ ಅಲ್ಲ.

‘ಹೌದು.’

‘ಮೂವರೂ?’

‘ಮೂವರೂ.’

‘ಯಾಕೆ?’

ಏನೇನೋ ಹೇಳಬಹುದಿತ್ತು, ಸಂಸ್ಕೃತಿ ಅಂತ, ಹಿರಿಯರ ಅಭ್ಯಾಸ ಅಂತ. ‘ನಾವು ತಿನ್ನುವಂಥದ್ದು ಇಲ್ಲಿ ಸಿಗದಿದ್ದರೆ ಅನ್ನುವ ಭಯ’ ಎಂದೆ.

ಅವರ ಮುಖ ಚಿಕ್ಕದಾಯಿತು. ‘ನಾನು ಎರಡು ಸಲ ಫೋನ್ ಮಾಡಿದ್ದೆ. ಮಾಂಸ ಬೇಡ, ಮೀನು ಬೇಡ, ನಿಮ್ಮ ಅತ್ತೆಗೆ ಮೊಟ್ಟೆಯೂ ಬೇಡ ಅಂತ. ಶೆಫ್ ನಿಮಗೋಸ್ಕರ ಬೇರೆ ಪಾತ್ರೆಯಲ್ಲೇ ಮಾಡಿದ್ದಾನೆ’ ಎಂದರು.

ಭೂಮಿ ಬಾಯಿಬಿಡಬಾರದೇ ಎನಿಸಿತು. ಬೇರೆಯವರ ಮನೆಗೆ ಹೋಗುವಾಗ ನಾವು ಹೂವು ಒಯ್ಯುತ್ತೇವೆ, ಚಾಕಲೇಟ್ ಒಯ್ಯುತ್ತೇವೆ. ಕರೆದವರ ಮೇಲೆ ನಂಬಿಕೆಯೊಂದನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ನಮ್ಮ ಮನೆಗೆ ಬಂದವರು ಯಾರಾದರೂ ‘ತಿಂದುಕೊಂಡೇ ಬಂದೆವು, ನಿಮ್ಮಲ್ಲಿ ಏನು ಸಿಗುತ್ತದೋ ಅಂತ’ ಎಂದರೆ ನಾವು ಸುಮ್ಮನಿರುತ್ತೇವೆಯೇ? ವರ್ಷಗಟ್ಟಲೆ ಆಡಿಕೊಳ್ಳುತ್ತೇವೆ.

ಅಷ್ಟರಲ್ಲಿ ಮೂರನೆಯದು ಬಂತು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯನ್ನು ಪದರ ಪದರವಾಗಿ ಜೋಡಿಸಿ, ಕೆನೆ ಹಾಕಿ, ಮೇಲೆ ಕೆಂಪಗಾಗುವಷ್ಟು ಬೇಯಿಸಿದ್ದು. ನಾಲ್ವರ ಮುಂದೆಯೂ ಒಂದೊಂದು ತಟ್ಟೆ. ಯಾರೂ ಕೈ ಹಾಕಲಿಲ್ಲ.

ಅತ್ತೆ ಮಾತ್ರ ತಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಬಾಯಿಗೆ ಮುಟ್ಟಿಸದ ಹೊಸ ಚಮಚ ತೆಗೆದುಕೊಂಡು ಸರಿಯಾಗಿ ಅರ್ಧ ಮಾಡಿದರು. ಆ ಅರ್ಧವನ್ನು ಎತ್ತಿ, ಟೇಬಲ್ ಮೇಲಿಂದ ಕೈ ಚಾಚಿ, ವಿಲ್ಲೆಮ್ ಅವರ ತಟ್ಟೆಗೆ ಹಾಕಿದರು.

‘ಅತ್ತೆ!’

‘ಎಂಜಲು ಮಾಡಿಲ್ಲ ಕಣೇ, ಮೊದಲೇ ತೆಗೆದಿಟ್ಟೆ. ನಮಗೆ ಅರ್ಧ ಸಾಕು. ಅವ್ರು ತಿನ್ಲಿ.’

‘ನೇ, ನೇ, ಡಾಂಕ್ ಯೂ’ ಎಂದು ವಿಲ್ಲೆಮ್ ಅಂಗೈ ಅಡ್ಡ ಹಿಡಿದರು. ಬೇಡ, ಥ್ಯಾಂಕ್ಸ್.

‘ಬೇಡವಂತೆ ಅತ್ತೆ. ಇಲ್ಲಿ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ’ ಎಂದೆ. ನಿಜವಾದ ಮಾತು. ಈ ದೇಶದಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ. ಸಂಕೋಚಕ್ಕೆ ಬೇಡ ಎಂದವರಿಗೆ ಆ ಒಂದೂ ಇಲ್ಲ. ನಮ್ಮಲ್ಲಿ ಮೊದಲ ಎರಡು ‘ಬೇಡ’ಗಳನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

‘ಅವ್ರ ಮುಖ ನೋಡು. ಅದು ಬೇಡ ಅನ್ನೋ ಮುಖಾನಾ?’ ಎಂದು ಅತ್ತೆ ಪ್ರಸನ್ನನ ತಟ್ಟೆಗೂ ಚಮಚ ಹಾಕಿದರು. ಅದರ ಅರ್ಧವೂ ಆ ಕಡೆ ಹೋಯಿತು. ವೇಟರ್ ವೈನ್ ಬಾಟಲಿ ಹಿಡಿದುಕೊಂಡು ನಿಂತೇ ಇದ್ದ. ಕಿಟಕಿಯ ಬಳಿಯ ಜೋಡಿಯೂ ಇತ್ತ ತಿರುಗಿ ನೋಡಿತು.

ವಿಲ್ಲೆಮ್ ತಮ್ಮ ತಟ್ಟೆಯನ್ನೇ ನೋಡುತ್ತಾ ಕೂತರು. ಮುಗಿಯಿತು, ಇನ್ನು ಎದ್ದೇ ಬಿಡುತ್ತಾರೆ ಎಂದುಕೊಂಡೆ. ಎಲ್ಸ್ ಹೆದರಿದ್ದೂ ಇದಕ್ಕೇ ಅಲ್ಲವೇ?

ಅವರು ಏಳಲಿಲ್ಲ. ಫೋರ್ಕ್ ತೆಗೆದುಕೊಂಡರು. ಅತ್ತೆ ಹಾಕಿದ ಭಾಗದಿಂದಲೇ ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ‘ಕೊರಿ ಹೀಗೇ ಮಾಡುತ್ತಿದ್ದಳು. ಏನೇ ಬಂದರೂ ಅರ್ಧ ನನ್ನ ತಟ್ಟೆಗೆ. ಇದು ಫ್ರೆಂಚ್ ರೆಸ್ಟೋರೆಂಟ್, ಹಾಗೆಲ್ಲ ಮಾಡಬಾರದು ಅಂತ ನಾನು ವೇಟರ್ ಕಡೆ ನೋಡುತ್ತಾ ಕೂರುತ್ತಿದ್ದೆ. ಅವಳು ಕೇಳುತ್ತಲೇ ಇರಲಿಲ್ಲ.’

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ನನ್ನ ತಟ್ಟೆಯನ್ನೂ ತಮ್ಮ ಕಡೆ ಎಳೆದುಕೊಂಡು ಅರ್ಧ ಮಾಡಿದರು.

ಅಲ್ಲಿಂದ ಮುಂದೆ ಊಟ ಸಲೀಸಾಗಿ ಸಾಗಿತು. ವಿಲ್ಲೆಮ್ ಚೆನ್ನಾಗಿ ತಿಂದರು. ಸಕ್ಕರೆ ಪಾಕದಲ್ಲಿ ಬೇಯಿಸಿದ ಪೇರ್ ಹಣ್ಣು ಬಂದಾಗ, ಅತ್ತೆ ಚಮಚ ಎತ್ತುವ ಮೊದಲೇ ವಿಲ್ಲೆಮ್ ತಾವೇ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಕೊರಿಯ ಬಗ್ಗೆ ಮಾತಾಡಿದರು, ಮದುವೆಯ ದಿನ ಮಳೆ ಬಂದು ಮದುಮಗಳ ಬೂಟು ಕೆಸರಿನಲ್ಲಿ ಹೂತುಹೋದದ್ದನ್ನು ಹೇಳಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಹೊಟ್ಟೆ ಭಾರವಾಗಿತ್ತು, ನಿಜ. ಆದರೆ ಅಷ್ಟು ಹಿತವಾದ ಊಟವನ್ನು ನಾನು ಈ ದೇಶದಲ್ಲಿ ಇನ್ನೊಂದು ಮಾಡಿಲ್ಲ.

ಇನ್ನು ಮುಂದೆ ಹೋಗುವ ಮೊದಲು ತಿನ್ನುವುದಿಲ್ಲ ಎಂದು ನಾನೂ ಪ್ರಸನ್ನನೂ ತೀರ್ಮಾನಿಸಿದ್ದೇವೆ. ಕರೆದವರನ್ನು ನಂಬಿ ಹಸಿದುಕೊಂಡು ಹೋಗುವುದೂ ಒಂದು ಮರ್ಯಾದೆಯೇ. ಅತ್ತೆ ಮಾತ್ರ ಈ ತೀರ್ಮಾನಕ್ಕೆ ಸಹಿ ಹಾಕಿಲ್ಲ. ‘ನಾವು ಹಸ್ಕೊಂಡು ಹೋಗಿದ್ರೆ ಅವ್ರ ತಟ್ಟೆಗೆ ಯಾರು ಹಾಕ್ತಿದ್ರು?’ ಎನ್ನುತ್ತಾರೆ.

ಆ ರಾತ್ರಿ ಹೊರಡುವಾಗ ವಿಲ್ಲೆಮ್ ಬಾಗಿಲ ಬಳಿ ನಿಂತು ಮುಂದಿನ ವರ್ಷಕ್ಕೆ ಈಗಲೇ ಟೇಬಲ್ ಹೇಳಿಟ್ಟರು. ನಾಲ್ವರಿಗೆ. ಡಚ್ಚರ ಪ್ಲಾನಿಂಗ್ ನಿಮಗೆ ಗೊತ್ತಲ್ಲ.

‘ಅತ್ತೆ ಮುಂದಿನ ತಿಂಗಳು ಮೈಸೂರಿಗೆ ವಾಪಸ್ ಹೋಗುತ್ತಾರೆ. ಬರುವ ವರ್ಷ ವೀಸಾ ಹೇಗೋ ಏನೋ’ ಎಂದೆ.

ವಿಲ್ಲೆಮ್ ಕೋಟಿನ ಗುಂಡಿ ಹಾಕಿಕೊಂಡರು. ಎರಡು ವರ್ಷದಿಂದ ಅಂಗಡಿ ದಾಟಿ ಆಚೆಗೆ ಹೋಗದಿದ್ದ ಮನುಷ್ಯ, ಆಮೇಲೆ ಕೇಳಿದರು. ‘ಮೈಸೂರಿನಲ್ಲಿ ಫ್ರೆಂಚ್ ರೆಸ್ಟೋರೆಂಟ್ ಇದೆಯಾ?’

ಮೈಸೂರಿನ ಓದುಗರೇ, ಇದೆಯೇನ್ರೀ?